ಗುಂಡ್ಲುಪೇಟೆಗೆ ಬಾರದ ಎಫ್ ಡ್ರೈವ್

...ಮೊದಲ ಫೋನ್ ಬಂದದ್ದು ಸೋಮವಾರವೇ ಇರಬೇಕು. ಅಥವಾ ಸೋಮವಾರ ಎಂದರೆ ಕಥೆ ನೆಟ್ಟಗೆ ನಿಲ್ಲುತ್ತದೆ ಎಂದು ನಾನೇ ಹಾಗೆ ಮಾಡಿಕೊಂಡಿರಬಹುದು. ಬದನಗುಪ್ಪೆಯ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ಸರ್ವರ್ ಇಟ್ಟ ಕೋಣೆ, ಎಸಿಯ ಸದ್ದು, ನಾನು. ಊಟದ ಹೊತ್ತಿನ ತನಕ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ.

ಗುಂಡ್ಲುಪೇಟೆಯ ನಮ್ಮ ಗೋಡೌನಿನಿಂದ ಹಿರಿಯ ಗುಮಾಸ್ತರು ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದರು.

"ನಿನ್ ಎಫ್ ಇವತ್ತೂ ಬಂದಿಲ್ಲ ಕಣಪ್ಪಾ."

ಎಫ್ ಎಂದರೆ ಸರ್ವರಿನಲ್ಲಿ ಲಾರಿಗಳ ಲೋಡಿಂಗ್ ಪಟ್ಟಿ ಇರುವ ಫೋಲ್ಡರ್. ಯಾರು ಲಾಗಿನ್ ಆದರೂ ನಾನು ಬರೆದ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಟ್ಟ ಆದೇಶಗಳ ಪಟ್ಟಿ, ಅದನ್ನು ಎಫ್ ಡ್ರೈವ್ ಎಂದು ಅವರ ಕಂಪ್ಯೂಟರಿಗೆ ಜೋಡಿಸಬೇಕು. ಅಲ್ಲಿ ಮಾತ್ರ ಆಗುತ್ತಿರಲಿಲ್ಲ. ಕೆಲಸಕ್ಕೆ ಮೊದಲು ಅವರು ದೇವರ ಹಾಡು ಹಾಕುತ್ತಿದ್ದರು. ಹಾಡಿನ ಪೆನ್‌ಡ್ರೈವ್ ಸದಾ ಸಿಕ್ಕಿಸಿಯೇ ಇರುತ್ತಿತ್ತು; ಎಫ್ ಅಕ್ಷರವನ್ನು ಅದೇ ಹಿಡಿದು ಕೂತಿರುತ್ತಿತ್ತು. ಒಂದು ಅಕ್ಷರ ಒಂದು ಡ್ರೈವಿಗೆ ಮಾತ್ರ.

"ಪೆನ್‌ಡ್ರೈವ್ ತೆಗ್ದು, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ ಅಣ್ಣ."

"ಅರ್ಧಕ್ಕೇ ಸಿವನ್ ಪದ ನಿಲ್ಲುಸ್‌ಬುಡನಾ? ಮುಗೀಲಿ ಇರು. ಏನ್ ತಿಂಡಿ ತಿಂದೆ?"

"ಉಪ್ಪಿಟ್ಟು."

"ಅದ್ಕೇ ದನಿ ಗಂಟ್ಲಲ್ಲೇ ನಿಂತದೆ."

ಹಾಡು ಮುಗಿಯುವವರೆಗೆ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಎಷ್ಟೋ ದಿನ ನಾನು ಆಡಿದ್ದು ಅಷ್ಟೇ ಮಾತು.

ಒಂದು ದಿನ ಚಾಮರಾಜನಗರದ ಆಫೀಸಿನಿಂದ ಮ್ಯಾನೇಜರ್ ಫೋನ್ ಮಾಡಿದರು. "ದಿನಾ ಲಾರಿ ಕಾಯ್ತವೆ. ಆವಯ್ಯನ ಕೈಲಿ ಕಂಪ್ಯೂಟರ್ ಆಗಲ್ಲ ಕಣ್ರೀ. ಬೇರೆಯವ್ರ ಕೂರುಸ್ತೀನಿ."

ತಪ್ಪು ಅವರದಲ್ಲ, ಸ್ಕ್ರಿಪ್ಟಿನದು ಎಂದೆ. ಅಂದೇ ಎಫ್ ತೆಗೆದು ಜಡ್ ಎಂದು ಬರೆದೆ. ಒಂದೇ ಅಕ್ಷರ.

ಮರುದಿನ ಗುಮಾಸ್ತರ ದನಿ ಏರಿತ್ತು. "ತಾನಾಗೇ ಬಂದ್‌ಬುಡ್ತು ಕಣಪ್ಪಾ! ಪದಾನೂ ಓಡ್ತಾ ಅದೆ. ಇನ್ ನಿಂಗೆ ತೊಂದ್ರೆ ಕೊಡಾದಿಲ್ಲ ಬುಡು."

ಕೊಡಲಿಲ್ಲ. ಅವರ ಕುರ್ಚಿ ಅವರಿಗೇ ಉಳಿಯಿತು.

ಅಕ್ಷರ ಬದಲಿಸುವ ಉಪಾಯ ಹೊಳೆದದ್ದು ಮ್ಯಾನೇಜರ್ ಗದರಿದ ದಿನವೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಸ್ಕ್ರಿಪ್ಟಿನ ಹಳೆಯ ಪ್ರತಿ ತೆರೆದು ನೋಡಿದೆ. ಅದಕ್ಕೂ ಮೊದಲಿನ ಪ್ರತಿ ಅದು. ಜಡ್ ಸಾಲು ಅದರಲ್ಲಿ ಆಗಲೇ ಇದೆ, ಸಾಲಿನ ಮೊದಲಿಗೆ 'ರೆಮ್' ಎಂದು ಸೇರಿಸಿ. ಹಾಗೆ ಸೇರಿಸಿದರೆ ಕಂಪ್ಯೂಟರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಬರೆದವನೂ ನಾನೇ, ತಡೆದವನೂ ನಾನೇ. ಪರೀಕ್ಷೆ ಮಾಡದೆ ಬಿಡಬಾರದೆಂದು ತಡೆದೆನೋ, ಒಂಬತ್ತರ ಫೋನ್ ನಿಂತುಹೋಗುತ್ತದೆಂದೋ, ನನಗೆ ಗೊತ್ತಿಲ್ಲ.