ಸೀಗಡಿ ಮರಿಗಳಿಗೆ ತಾಮ್ರದ ಕೊಡದ ನೀರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪಿತಸ್ಥ ನಾನೇ. ಕೊನೆಗೆ ಬೇರೆ ಯಾರೋ ಸಿಕ್ಕಿಬೀಳುತ್ತಾರೆಂದು ಕಾಯಬೇಡಿ.

ನಾಲ್ಕು ವರ್ಷದ ಹಿಂದಿನ ಮಾತು. ಶಹಾಪುರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಓದಿನಲ್ಲಿ ಅಷ್ಟಕ್ಕಷ್ಟೆ, ಮಿಮಿಕ್ರಿಯಲ್ಲಿ ಕಾಲೇಜಿಗೇ ಮೊದಲು. ಸುರಪುರ ಬಸ್ಸಿನ ಕಂಡಕ್ಟರ್, ಗೊರಕೆ ಹೊಡೆಯುವ ನಮ್ಮಪ್ಪ, ಹುಡುಗಿಯರ ಮುಂದೆ ತೊದಲುವ ನಾನು, ಹೀಗೆ ಎಲ್ಲರ ದನಿಯನ್ನೂ ತೆಗೆಯುತ್ತಿದ್ದೆ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಮರೆಪ್ಪ ಕಾಕಾನ ದನಿ. ಅವರು ನಮ್ಮ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್. ಕೆಲಸ ಕಾಯಂ ಅಲ್ಲ. ಪ್ರತಿ ವರ್ಷ ಪ್ರಾಂಶುಪಾಲರು ಮುಂದುವರಿಸಬೇಕಿತ್ತು.

ಆ ವರ್ಷ ರೇಣುಕಾ ಮೇಡಂ ತಮ್ಮ ಪಿಎಚ್.ಡಿ.ಗಾಗಿ ಲ್ಯಾಬಿನಲ್ಲಿ ಉಪ್ಪುನೀರಿನ ಸೀಗಡಿ ಮರಿಗಳನ್ನು ಸಾಕಿದ್ದರು. ಗಾತ್ರ ಅಕ್ಕಿ ನುಚ್ಚಿಗಿಂತ ಸಣ್ಣದು. ಒಣ ಮೊಟ್ಟೆಗಳು ಪೊಟ್ಟಣದಲ್ಲಿ ಬಂದಿದ್ದವು. ಶಹಾಪುರಕ್ಕೆ ಸಮುದ್ರ ಬಂದದ್ದು ಹಾಗೆ, ಆರು ಬಾಟಲಿಗಳಲ್ಲಿ. ಮೂರಕ್ಕೆ ಚೂರೇ ಚೂರು ತಾಮ್ರ ಬೆರೆಸಿದ್ದರು, ಮೂರಕ್ಕೆ ಇಲ್ಲ.

“ಕಾರ್ಖಾನಿ ಹೊಲಸು ನೀರು ಸಮುದ್ರ ಸೇರಿದ್ರ ಇವು ಒಮ್ಮೆಲೆ ಸಾಯಂಗಿಲ್ಲ, ಈಜಾಡಕೋಂತನ ಇರ್ತಾವ,” ಎಂದು ಮೇಡಂ ನಮಗೆ ವಿವರಿಸಿದ್ದರು. “ಆದ್ರ ಊರಾಗ ಕಳ್ಳರು ಹೊಕ್ಕರಂದ್ರ ಮನಿಮನಿ ಲೈಟ್ ಹತ್ತತಾವಲ್ಲ, ಹಂಗ ತಾಮ್ರ ಒಳಗ ಹೋದಕೂಡ್ಲೆ ಕೆಲವು ಜೀನ್ ಎಚ್ಚರ ಆಗ್ತಾವ, ಕೆಲವು ಸುಮ್ಮ ಆಗ್ತಾವ. ಯಾವ್ಯಾವು ಅಂತ ನೋಡಾಕತ್ತೇನಿ.”

ಆವಿಯಾದಷ್ಟು ನೀರನ್ನು ಬೀರುವಿನಲ್ಲಿದ್ದ ಡಿಸ್ಟಿಲ್ಡ್ ವಾಟರ್ ಕ್ಯಾನಿನಿಂದ ದಿನಾ ತುಂಬುವುದು ಕಾಕಾನ ಕೆಲಸ.

ಮರಿಗಳನ್ನು ಜೀನ್ ಪರೀಕ್ಷೆಗೆಂದು ದೊಡ್ಡ ಊರಿನ ಲ್ಯಾಬಿಗೆ ಕಳಿಸುವ ಹಿಂದಿನ ದಿನ. ಕಾಕಾ ಗಂಟೆ ಹೊಡೆಯಲು ಕೆಳಗೆ ಹೋಗಿದ್ದರು. ಲ್ಯಾಬಿನಲ್ಲಿ ನಾನು, ಗೆಳೆಯ ಬಸು ಇಬ್ಬರೇ. ಪಕ್ಕದ ಕೋಣೆಯಿಂದ ಮೇಡಂ ಕೂಗಿದರು: “ಮರೆಪ್ಪ, ಬಾಟ್ಲಿಗೆ ನೀರು ಹಾಕೀರೇನು?”

“ಹಾಕೀನ್ರೀ ಮೇಡಂ!” ಎಂದೆ, ಕಾಕಾನ ಗೊಗ್ಗರು ದನಿಯಲ್ಲಿ, ಕೊನೆಗೆ ಅವರ ಕೆಮ್ಮನ್ನೂ ಸೇರಿಸಿ. ಬಸು ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕ.

ಹೇಳಿದ ಮೇಲೆ ಸುಳ್ಳಾಗಬಾರದಲ್ಲ? ಬೀರುವಿಗೆ ಬೀಗ. ಕಿಟಕಿ ಬಳಿ ಕುಡಿಯುವ ನೀರಿನ ತಾಮ್ರದ ಕೊಡವಿತ್ತು. ರಾತ್ರಿಯಿಡೀ ತಾಮ್ರದಲ್ಲಿಟ್ಟ ನೀರು ಮೈಗೆ ಒಳ್ಳೆಯದೆಂದು ನಮ್ಮವ್ವ ನನಗೆ ದಿನಾ ಎರಡು ಲೋಟ ಕುಡಿಸುತ್ತಿದ್ದಳು. ನನಗೆ ಒಳ್ಳೆಯದು ಸೀಗಡಿಗೆ ಕೆಟ್ಟದ್ದೇ? ಆರೂ ಬಾಟಲಿಗೆ ಸುರಿದೆ. ಕಾಕಾ ಬಂದು ನೋಡಿ, ಮೇಡಮ್ಮೇ ತುಂಬಿರಬೇಕೆಂದು ಸುಮ್ಮನಾದರು.

ಎರಡು ತಿಂಗಳ ಮೇಲೆ ವರದಿ ಬಂತು. ತಾಮ್ರ ಹಾಕದ ಮರಿಗಳಲ್ಲೂ ಮನೆಮನೆ ಲೈಟು ಹತ್ತಿತ್ತು. ಹೋಲಿಸಿ ನೋಡಲು ಏನೂ ಉಳಿಯಲಿಲ್ಲ. ಮೇಡಂ ಕಾಕಾನನ್ನು ಲ್ಯಾಬಿಗೆ ಕರೆದರು.

“ಕಡೀ ದಿನ ಯಾವ ನೀರು ಹಾಕಿದ್ರಿ? ಆ ತಾಮ್ರದ ಕೊಡದ್ದೇನು?”

“ಅವತ್ತು ನಾ ಹಾಕೇ ಇಲ್ಲರೀ. ನೀವ ಹಾಕೀರಂತ ತಿಳಕೊಂಡೆ.”

“ಸುಳ್ಳು ಹೇಳಬ್ಯಾಡ್ರಿ ಮರೆಪ್ಪ. ‘ಹಾಕೀನ್ರೀ’ ಅಂದದ್ದು ನನ್ನ ಕಿವಿಯಾರ ಕೇಳೀನಿ!” ಮೇಡಂ ಕಣ್ಣಲ್ಲಿ ನೀರಿತ್ತು.

ನಾನು ಅಲ್ಲೇ ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ನಿಂತಿದ್ದೆ. ಅದರ ಕೆಳಗೆ ಏನೂ ಇರಲಿಲ್ಲ.

ಸಂಜೆಗೆ ಸುದ್ದಿ ಹಬ್ಬಿತು: ಮುಂದಿನ ವರ್ಷ ಮರೆಪ್ಪನನ್ನು ಮುಂದುವರಿಸುವುದಿಲ್ಲವಂತೆ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ನಾಲ್ಕು ದಿನ ಕಳೆದೆ. ಐದನೆಯ ದಿನ ಇದಕ್ಕಿಂತ ನಾಚಿಕೆಗೇಡಿನ ಕೆಲಸ ಮಾಡಿದೆ. ಬೇವಿನ ಮರದ ಕೆಳಗೆ ಹುಡುಗರು, “ಏ, ಮರೆಪ್ಪ ಕಾಕಾ ಬೈಸ್ಕೊಂಡಿದ್ದು ಮಾಡಿ ತೋರ್ಸಲೇ,” ಎಂದರು. ನಾನು ಕೈಮುಗಿದು, ಕುತ್ತಿಗೆ ಓರೆ ಮಾಡಿ, “ಅವತ್ತು ನಾ ಹಾಕೇ ಇಲ್ಲರೀ,” ಎಂದೆ. ಎಲ್ಲರೂ ನಕ್ಕರು. ಬಸು ನಗಲಿಲ್ಲ. ಅವನು ನನ್ನ ಬೆನ್ನ ಹಿಂದೆ ನೋಡುತ್ತಿದ್ದ.

ಕಾಕಾ ಕಸಬರಿಗೆ ಹಿಡಿದು ನಿಂತಿದ್ದರು. ಹುಡುಗರು ಚದುರಿದರು.

“ಮೇಡಂ ಕೇಳಿದ್ದು ನಿನ್ನ ದನೀನ?”

“ಹೌದು ಕಾಕಾ. ನೀರು ಹಾಕಿದಾವನೂ ನಾನ. ತಪ್ಪಾತು.”

“ನನಗ್ಯಾಕ ಹೇಳ್ತಿ? ನಾ ಹಾಕಿಲ್ಲಂತ ನನಗ ಗೊತ್ತೈತಿ. ಮೇಡಮ್ಮಗ ಹೇಳು, ನಡಿ.”

ಲ್ಯಾಬಿನ ಮೆಟ್ಟಿಲು ಅಂದು ಮುಗಿಯಲೇ ಇಲ್ಲ. ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. “ಮೊಟ್ಟಿ ಮತ್ತ ತರಸ್ತೀನಿ. ನೀ ಮಾತ್ರ ಆ ಬಾಟ್ಲಿ ಹತ್ರ ಬರಬ್ಯಾಡ,” ಎಂದಷ್ಟೇ ಹೇಳಿ, ಕಾಕಾನ ಕಡೆ ತಿರುಗಿ ಕೈಮುಗಿದರು. ಆಮೇಲೆ ಅವರನ್ನು ಕರೆದುಕೊಂಡು ನೇರ ಪ್ರಾಂಶುಪಾಲರ ಕೋಣೆಗೆ ಹೋದರು. ಕಾಕಾನ ಕೆಲಸ ಉಳಿಯಿತು. ಮೇಡಂ ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಇಂದಿಗೂ ಸಭೆಯಲ್ಲಿ ಯಾರಾದರೂ “ಯಾರದರ ದನಿ ತಗಿಯೋ” ಎಂದರೆ, ಆ ಖಾಲಿ ಸೂಕ್ಷ್ಮದರ್ಶಕ ನೆನಪಾಗಿ ಮುಖ ಬಿಸಿಯಾಗುತ್ತದೆ.

ಅಂದು ಪ್ರಾಂಶುಪಾಲರ ಕೋಣೆಯ ಹೊರಗೆ ಕಾಯುತ್ತಿದ್ದ ನಾನು, ಕಾಕಾ ಹೊರಬಂದ ಕೂಡಲೇ ಅವರ ಕೈ ಹಿಡಿದುಕೊಂಡೆ.

“ಕಾಕಾ, ಇನ್ನ ಜಲ್ಮದಾಗ ನಿಮ್ಮ ದನಿ ತಗಿಯಂಗಿಲ್ಲ.”

ಕಾಕಾ ಕೈ ಬಿಡಿಸಿಕೊಂಡರು.

“ತಗಿಯೋ ತಮ್ಮಾ, ಯಾರು ಬ್ಯಾಡಂದ್ರು? ಆದ್ರ ನನ್ನ ದನಿಯಾಗ ಮಾತಾಡಿದ್ರ, ನನ್ನಂಗ ಖರೇನೂ ಮಾತಾಡು.”