ವಿಚ್ ಊರು?

ಅಬುಧಾಬಿಯ ಒಂದು ಕಾಲೇಜಿನಲ್ಲಿ ಮೇಡಂ ವಿದ್ಯಾರ್ಥಿಗಳ ಸಲಹೆಗಾರ್ತಿ. ನಾನು ಅವರ ಕೋಣೆಯ ಗುಮಾಸ್ತ. ಮೇಡಂ ಉಡುಪಿ ಕಡೆಯವರು. ಎದುರಿಗೆ ಯಾರೇ ಬಂದು ಕುಳಿತರೂ ಕನ್ನಡಕ ತೆಗೆದಿಟ್ಟು, "ವಿಚ್ ಊರು?" ಎಂದು ಕೇಳುತ್ತಿದ್ದರು. ಊರು ಎನ್ನುವುದಕ್ಕೆ ಇಂಗ್ಲಿಷಿನ ಯಾವ ಪದವೂ ಅವರಿಗೆ ಸಾಲುತ್ತಿರಲಿಲ್ಲ.

ಕಾಲೇಜಿನಲ್ಲಿ ಎಲ್ಲರೂ 'ಆಫ್ರಿಕನ್' ಎಂದಷ್ಟೇ ಕರೆಯುತ್ತಿದ್ದ ಹುಡುಗಿಯೊಬ್ಬಳು, ಓದು ಬಿಟ್ಟು ಹೋಗುತ್ತೇನೆಂದು ಬಂದಾಗಲೂ ಹಾಗೆಯೇ ಕೇಳಿದರು.

"ನೈಜೀರಿಯಾ, ಮ್ಯಾಮ್."

"ಅದು ದೇಶ ಮಾರಾಯ್ತಿ. ಊರು ಹೇಳು."

ಹುಡುಗಿ ತಲೆಯೆತ್ತಿದಳು. "ಇಬಾದಾನ್." ತರಗತಿಯಲ್ಲಿ ತನ್ನ ಹತ್ತಿರ ಯಾರೂ ಕೂರುವುದಿಲ್ಲ ಎಂದೂ ಹೇಳಿದಳು.

"ಕಲ್ಚರಲ್ ಡೇ ತನಕ ಇರು. ಆಮೇಲೆ ನೋಡುವ," ಎಂದರು ಮೇಡಂ.

ಕಲ್ಚರಲ್ ಡೇ ದಿನ ಆಡಳಿತದವರು ಆಫ್ರಿಕಾದ ವಿದ್ಯಾರ್ಥಿಗಳಿಗೆಲ್ಲ ಒಂದೇ ಮೇಜು ಕೊಟ್ಟು, 'ಆಫ್ರಿಕಾ' ಎಂದು ಬೋರ್ಡು ಹಾಕಿದ್ದರು. ಮೇಡಂ ಅದರ ಕೆಳಗೆ ಒಬ್ಬೊಬ್ಬರಿಂದಲೂ ಅವರವರ ಊರು ಬರೆಸಿದರು. ಹುಡುಗಿ ಪಾತ್ರೆ ತುಂಬ ಟೊಮೆಟೊ ಹಾಕಿದ ಕೆಂಪು ಅನ್ನ ತಂದಿದ್ದಳು. ಜನ ಬಿರಿಯಾನಿಯ ಕಡೆಗೆ ಹೋದರು.

ಮೇಡಂ ಒಬ್ಬರೇ ಕುರ್ಚಿ ಎಳೆದುಕೊಂಡು ಕುಳಿತರು. ಚಮಚ ಬದಿಗಿಟ್ಟು ಕೈಯಲ್ಲೇ ಉಂಡರು. "ಇನ್ನೂ ಸ್ವಲ್ಪ ಹಾಕು ಮಗಾ."

ಅವರ ಕಣ್ಣಲ್ಲಿ ನೀರಿತ್ತು. "ಖಾರ ಜಾಸ್ತಿಯಾಯಿತಾ, ಮ್ಯಾಮ್? ಸಾಕು ಬಿಡಿ," ಎಂದಳು ಹುಡುಗಿ.

"ಖಾರ ಅಲ್ಲ ಮಾರಾಯ್ತಿ. ಈ ದೇಶಕ್ಕೆ ಬಂದ ಮೇಲೆ ನನಗೆ ಎದುರು ನಿಂತು ಬಡಿಸಿದವರೇ ಇಲ್ಲ."

ಸೋಮವಾರ ಅವಳು ಓದು ಬಿಡುವ ಮಾತೆತ್ತದೆ ತರಗತಿಗೆ ಹೋದಳು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಮ್ಮ ಕೋಣೆಗೆ ಬಂದಳು. ಮೇಡಂ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರ ಎದುರು ನಿಂತೇ ಡಬ್ಬಿಯ ಮುಚ್ಚಳ ತೆಗೆದಳು.