ಹಿಡಿ ಹಿಟ್ಟಿಗೊಂದು ಒಳ್ಳೆಯ ಮಾತು

ಆಯಿ, ಅಂದರೆ ನನ್ನ ಅಜ್ಜಿ, ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಾಗ ಹುಮನಾಬಾದಿನ ನಮ್ಮ ಮನೆಯ ರೊಟ್ಟಿ ನನ್ನ ಪಾಲಿಗೆ ಬಂತು. ಜೊತೆಗೆ ಚರ್ಚಿನ ಡಬ್ಬಿಯೂ ಬಂತು. ದಿನಾ ಜೋಳದ ಹಿಟ್ಟು ನಾದುವ ಮೊದಲು ಒಂದು ಹಿಡಿ ತೆಗೆದು ಅದಕ್ಕೆ ಹಾಕಬೇಕು. ಭಾನುವಾರ ಎಲ್ಲ ಮನೆಗಳ ಹಿಟ್ಟು ಸೇರಿಸಿ, ಆರಾಧನೆ ಮುಗಿದ ಮೇಲೆ ಎಲ್ಲರಿಗೂ ರೊಟ್ಟಿ. ಇದು ನಮ್ಮ ಸಭೆಯ ಪದ್ಧತಿ. ಆಯಿ ಇದಕ್ಕೆ ತನ್ನದೊಂದು ಕಟ್ಟಳೆ ಸೇರಿಸಿದ್ದಳು: ಯಾರ ಜೊತೆ ಮನಸ್ಸು ಕೆಟ್ಟಿದೆಯೋ ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನು ದೇವರಿಗೆ ಹೇಳಿ ಹಾಕಬೇಕು. ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಂತಿಲ್ಲ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಸುಮ್ಮನೆ ಹಾಕುವುದುಂಟೆ?

"ಆಯಿ, ದೇವರಿಗೆ ಎಲ್ಲಾ ಗೊತ್ತದ ಅಂತೀದಿ. ಮತ್ತ ನಾ ಯಾಕ ಹೇಳಬೇಕು? ನನಗಂತೂ ನಂಬಿಕಿ ಇಲ್ಲ."

"ನಿನಗ ನಂಬು ಅಂತ ಯಾರಂದ್ರು? ಹಿಡಿ ಹಾಕು ಅಂದೀನಿ. ನೀರು ಕುದಿಯಾಕತ್ತದ, ನೋಡು."

"ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ನನ್ನ ಗೆಳತಿಗೇ ನನ್ನ ಮ್ಯಾಲ ಸಿಟ್ಟು."

"ಹಂಗಾರ ಅಕಿಗೇ ಹಾಕು."

"ಅಕಿ ಮುಸ್ಲಿಮ್ ಇದ್ದಾಳ ಆಯಿ, ನಮ್ಮ ಚರ್ಚಿನಾಕಿ ಅಲ್ಲ."

"ಹಿಟ್ಟು ಕೇಳ್ತದೇನು?"

ಬಸವಕಲ್ಯಾಣದ ಕಾಲೇಜಿನಲ್ಲಿ ನಾನೂ ಆ ಗೆಳತಿಯೂ ಜೋಡಿಯಾಗಿ ವಾದಿಸುತ್ತಿದ್ದವರು. ಹಿಂದಿನ ವಾರ, ಪ್ರಾರ್ಥನೆ ಬೇಕೇ ಬೇಡವೇ ಎಂಬ ವಿಷಯಕ್ಕೆ ನಮ್ಮನ್ನೇ ಎದುರುಬದುರು ನಿಲ್ಲಿಸಿದ್ದರು: ಅವಳು ಬೇಕು, ನಾನು ಬೇಡ. ನಾನು ಸೋಲುವ ಹಂತದಲ್ಲಿದ್ದೆ. ಪರೀಕ್ಷೆಗೆ ಮೊದಲು ತಾನು ಅತ್ತು ದುವಾ ಬೇಡಿ ಪ್ರಾರ್ಥಿಸಿದ್ದನ್ನೂ, ಆದರೂ ಫೇಲಾದದ್ದನ್ನೂ ಅವಳು ನನಗೊಬ್ಬಳಿಗೇ ಹೇಳಿದ್ದಳು. ಅದನ್ನು ಎಲ್ಲರ ಮುಂದೆ ಎಳೆದು ತಂದೆ. ಕ್ಲಾಸು ನಕ್ಕಿತು, ಬಹುಮಾನ ನನಗೆ ಬಂತು, ಅವಳು ಮಾತು ಬಿಟ್ಟಳು.

ಮೊದಲ ದಿನ "ಅಕ್ಷರ ಚೆಂದ" ಎಂದು ಹೇಳಿ ಪಾರಾದೆ. ಮರುದಿನ, ಧ್ವನಿ ಚೆಂದ. ಮೂರನೆಯ ದಿನಕ್ಕೆ ಹಗುರ ಸರಕು ಮುಗಿಯಿತು. ನನ್ನ ಬಸ್ ತಡವಾದಾಗೆಲ್ಲ ಚೀಲ ಇಟ್ಟು ಪಕ್ಕದ ಜಾಗ ಹಿಡಿಯುತ್ತಿದ್ದಳು ಎಂದೆ. ಐದನೆಯ ದಿನ, ನಾನು ಮೆರೆಯುವ ವಾದಗಳಲ್ಲಿ ಅರ್ಧ ಅವಳಿಗೆ ಹೊಳೆದವು ಎಂದು ಹೇಳುತ್ತ ಹಿಟ್ಟು ಹಿಡಿದು ನಿಂತೇಬಿಟ್ಟೆ. ಒಲೆಯ ಮೇಲಿನ ನೀರು ಅರ್ಧ ಬತ್ತಿತ್ತು. ಯಾರಿಗೆ ಹೇಳುತ್ತಿದ್ದೆನೋ ಗೊತ್ತಿಲ್ಲ. ಸುಳ್ಳು ಹೇಳಲಂತೂ ಆಗಲಿಲ್ಲ.

ಶನಿವಾರ ಡಬ್ಬಿಯ ಮುಚ್ಚಳ ಕೂರಲಿಲ್ಲ. ಆಯಿಯ ಅಂಗೈ ಸಣ್ಣದು, ನನ್ನದು ಅಪ್ಪನ ಅಂಗೈ. ಅಡುಗೆಮನೆಯ ಹಿಟ್ಟು ತಳ ಕಂಡಿತ್ತು. ಅನ್ನ ಉಣ್ಣಬೇಕಾದ ಅಪ್ಪ ಗೊಣಗಿದ. ಆಯಿಗೆ ನಗು ತಡೆಯಲಾಗಲಿಲ್ಲ.

"ನಂಬಿಕಿ ಇಲ್ಲದಾಕಿ ಇಷ್ಟು ಹಾಕ್ಯಾಳ. ಇದ್ದಿದ್ರ ನಮಗ ಉಪವಾಸಾನೇ!"

ಭಾನುವಾರ ಚರ್ಚಿನಲ್ಲಿ ನಾನೇ ಬಡಿದ ರೊಟ್ಟಿಗಳಲ್ಲಿ ಎರಡನ್ನು ಕಟ್ಟಿಕೊಂಡು ಸೋಮವಾರ ಬಸವಕಲ್ಯಾಣದ ಬಸ್ ಹತ್ತಿದೆ. ನಕ್ಕವರೆಲ್ಲ ಇದ್ದ ಕ್ಲಾಸಿನಲ್ಲೇ ಎದ್ದು ನಿಂತು, ಅವಳ ಕಡೆ ನೋಡಿ, "ನನಗ ಮಾತಾಡೋದದ" ಎಂದೆ.

ಅವಳು ಕೈಗಡಿಯಾರ ಬಿಚ್ಚಿ ಬೆಂಚಿನ ಮೇಲಿಟ್ಟಳು. "ಮೂರು ನಿಮಿಷ."

ಒಂದೇ ಸಾಕಾಯಿತು. ನನ್ನನ್ನು ನಂಬಿ ಹೇಳಿದ್ದನ್ನು ಗೆಲ್ಲಲು ಬಳಸಿದೆ, ತಪ್ಪಾಯಿತು ಎಂದೆ. ಈ ಸಲ ಯಾರೂ ನಗಲಿಲ್ಲ.

"ಇನ್ನೂ ಎರಡು ನಿಮಿಷ ಉಳದಾವ," ಎಂದಳು.

"ಅದರಾಗ ನೀ ಬೈಯಿ."

ಬೈದಳು. ಕನ್ನಡದಲ್ಲಿ ಶುರುಮಾಡಿ ದಖ್ಖನಿ ಉರ್ದುವಿನಲ್ಲಿ ಮುಗಿಸಿದಳು, ಒಂದು ಕ್ಷಣವನ್ನೂ ಬಿಡಲಿಲ್ಲ. ಆಮೇಲೆ ನಾನು ಕೊಟ್ಟ ರೊಟ್ಟಿ ಮುರಿದು ಬಾಯಿಗಿಟ್ಟು, "ಅರೆ, ಇದು ರೊಟ್ಟಿನೋ ಹಂಚೋ?" ಎನ್ನುತ್ತ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾನು ಕೂತೆ.

"ದೇವರು ಕೇಳಿದ, ನೋಡು," ಎನ್ನುತ್ತಾಳೆ ಆಯಿ.

"ಬಸ್ ಹತ್ತಿ ಹೋದಾಕಿ ನಾನು."

"ಹತ್ತಿಸಿದವರು ಯಾರು?"

ವಾದ ಇನ್ನೂ ನಡೆದಿದೆ. ಆಯಿಯ ಕೈ ಕೂಡಿದೆ, ಡಬ್ಬಿ ವಾಪಸ್ ಕೇಳುತ್ತಾಳೆ. ನಾನು ಕೊಟ್ಟಿಲ್ಲ. ಇವತ್ತಿನ ಹಿಡಿ ಅಪ್ಪನ ಹೆಸರಿನದು, ಬೆಳಗ್ಗೆಯಷ್ಟೇ ಜಗಳವಾಡಿದ್ದೇವೆ.